ಚೆಂಡು ಕೊಟ್ಟ ಮೊದಲ ಸ್ಥಾನ

ಕಾಡಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಅತ್ಯುತ್ತಮ ಆಟಗಾರ ಯಾರೆಂದು ಹೇಳುವ ಅಧಿಕಾರ ಚೆಂಡಿನದು; ಏಕೆಂದರೆ ಎಲ್ಲರ ಕೈಗುಣ ಅದಕ್ಕೆ ಮಾತ್ರ ಗೊತ್ತು. ತಂಡದಲ್ಲಿ ಅದು ಕೊನೆಯ ಸ್ಥಾನ ಕೊಟ್ಟವರು ತಂಡವನ್ನೇ ಬಿಡಬೇಕು. ಇದರಿಂದ ಮುಳ್ಳುಹಂದಿಗೆ ಎದೆ ಢವಢವ. ಹೆದರಿದರೆ ಅದರ ಮುಳ್ಳುಗಳು ನಿಮಿರುತ್ತವೆ, ನಿಮಿರಿದರೆ ಚೆಂಡು ತೂತಾಗುತ್ತದೆ. ಆದ್ದರಿಂದ ಚೆಂಡು ಕೈಗೆ ಬಂದೊಡನೆ ಅದು ಜೊತೆಗಾರರಿಗೆ ದಾಟಿಸಿಬಿಡುತ್ತಿತ್ತು.

“ಮುಳ್ಳಣ್ಣ, ಗಂಟುಮೂಟೆ ಕಟ್ಟಿಕೋ,” ಎಂದಿತು ಅದೇ ತಂಡದ ಒಂಟೆ. “ಚೆಂಡಿಗೆ ನಿನ್ನ ಮುಖವಾದರೂ ನೆನಪಿದೆಯೇ?”

ಫೈನಲ್ ದಿನ ಒಂಟೆ ಎಲ್ಲರೂ ನೋಡಲೆಂದು ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿತು. ಅದೇ ತಂಡದ ಕರಡಿ, ಅಪ್ಪಿದಷ್ಟೂ ಚೆಂಡಿಗೆ ತನ್ನ ಮೇಲೆ ಪ್ರೀತಿ ಹೆಚ್ಚೀತೆಂದು ಅಪ್ಪಿಕೊಂಡೇ ಕುಳಿತಿತು. ಎರಡು ಸಲವೂ ರೆಫರಿ ಮರಕುಟಿಗ ಹೊತ್ತು ಮೀರಿತೆಂದು ಟಕಟಕನೆ ಕುಟ್ಟಿ, ಚೆಂಡನ್ನು ಎದುರಾಳಿಗೆ ಕೊಡಿಸಿತು.

ಕೊನೆಯ ಗಳಿಗೆ. ಗೆಲುವಿಗೆ ಒಂದೇ ಬುಟ್ಟಿ ಬೇಕು. ಚೆಂಡು ಮುಳ್ಳುಹಂದಿಗೆ ಬಂತು.

“ನನಗೆ ಕೊಡೋ!” ಎಂದು ಒಂಟೆ ಅರಚಿತು, ಅದರ ಸುತ್ತ ಮೂವರು ಎದುರಾಳಿಗಳು. ಮುಳ್ಳುಹಂದಿಯ ಬೆನ್ನು ಜುಮ್ಮೆಂದಿತು. ಆದರೂ ಅದು ಕಣ್ಣು ಹಾಯಿಸಿ, ಬುಟ್ಟಿಯ ಕೆಳಗೆ ಒಂಟಿಯಾಗಿ ನಿಂತಿದ್ದ ತಮ್ಮ ತಂಡದ ಮೊಲಕ್ಕೇ ಎಸೆಯಿತು. ಮೊಲ ನೆಗೆದು ಬುಟ್ಟಿಗೆ ಹಾಕಿತು.

“ಮೊದಲ ಸ್ಥಾನ ಮುಳ್ಳುಹಂದಿಗೆ,” ಎಂದಿತು ಚೆಂಡು.

“ಅದು ನಿನ್ನನ್ನು ಸರಿಯಾಗಿ ಹಿಡಿಯಲೂ ಇಲ್ಲವಲ್ಲ!” ಎಂದಿತು ಒಂಟೆ.

“ಹಿಡಿಯುವವರು ಬೇಕಾದಷ್ಟಿದ್ದರು. ಯಾರಿಗೆ ಕೊಡಬೇಕೆಂದು ನೋಡಿದ್ದು ಇದೊಂದೇ.”

“ಹಾಗಾದರೆ ನನ್ನ ಸ್ಥಾನ?”

“ನಿನ್ನ ಕೈಯಲ್ಲಿದ್ದಾಗ ನಾನು ಆಟದಲ್ಲೇ ಇರಲಿಲ್ಲ,” ಎಂದಿತು ಚೆಂಡು. “ಗಂಟುಮೂಟೆ ಕಟ್ಟಿಕೋ.”