ಜರಿಯ ತೋರಣ

"ಅಮ್ಮ, ನನ್ನ ಬಳಿ ಒಬ್ಬ ಹುಡುಗಿ ಹಾಡು ಕಲಿಯುತ್ತಿದ್ದಾಳೆ. ಅವಳಿಗೆ ನಾನು ಏನೂ ಕಡಿಮೆ ಮಾಡಿಲ್ಲ. ಪಕ್ಕದಲ್ಲೇ ಕೂತು ಒಂದೊಂದು ಸ್ವರವನ್ನೂ ತಿದ್ದುತ್ತೇನೆ. ಆದರೂ ಎರಡು ಸಾಲು ಚೆನ್ನಾಗಿ ಹಾಡುತ್ತಾಳೆ, ಮೂರನೆಯದಕ್ಕೆ ಗಂಟಲು ಕಟ್ಟುತ್ತದೆ. ಇವತ್ತು ಬೇಸತ್ತು, ಊರಿಗೆ ಹೋಗು ಎಂದುಬಿಟ್ಟೆ. ದೋಷ ಅವಳದೇ ತಾನೆ?" ಎಂದು ಶಿಷ್ಯೆ ಕೇಳಿದಳು.

ಗುರು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಕೇಕು ಮಾಡಿ ಮಾರುವ ಹೆಂಗಸೊಬ್ಬಳಿದ್ದಳು. ಅವಳಿಗೆ ಯಾರೂ ಏನೂ ಕಲಿಸಿರಲಿಲ್ಲ. ಅಂಗಡಿಯ ಪೊಟ್ಟಣದ ಕಾಗದ ಬಿಡಿಸಿ ಓದಿ ಅಕ್ಷರ ಕಲಿತಳು. ಕುಕ್ಕರಿಗೆ ಮರಳು ತುಂಬಿ, ಕೇಕು ಕರಕಲಾಗಿಸಿ ಕರಕಲಾಗಿಸಿ ಕೇಕು ಕಲಿತಳು. ಹನ್ನೊಂದು ವರ್ಷವಾದ ಮೇಲೆ ಅಡುಗೆಮನೆಯ ಗೋಡೆಯೊಳಗೆ ಕರೆಂಟಿನ ಓವನ್ ಕೂರಿಸಿದಳು. ಆ ದಿನ ಅದನ್ನು ನೋಡುತ್ತ ಊಟ ಮರೆತಳು.

ಆಯುಧಪೂಜೆ ಬಂತು. ಓವನ್ನಿಗೆ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಕಟ್ಟಿದಳು. ನಾಲ್ಕು ದಿನಕ್ಕೆ ಹಾರ ಬಾಡಿತು. ಓವನ್ನಿನ ಬೋಳು ಹಣೆ ನೋಡಲಾರದೆ ಜರಿ ಬಟ್ಟೆಯ ತೋರಣ ಹೊಲಿದಳು. ಅದನ್ನು ಗುಂಡಿಗಳ ಪಟ್ಟಿಗೂ ಬಾಗಿಲಿಗೂ ನಡುವೆ ಗಟ್ಟಿಯಾಗಿ ಅಂಟಿಸಿದಳು. "ಇದಕ್ಕೆ ಯಾರೂ ಕೈ ಹಚ್ಚಕೂಡದು" ಎಂದಳು.

ಮರುವಾರವೇ ಓವನ್ ಕೈಕೊಟ್ಟಿತು. ಇಪ್ಪತ್ತು ನಿಮಿಷ ಕಾಯುವುದು, ತಟ್ಟನೆ ಆರುವುದು. ಗಂಟೆ ಬಿಟ್ಟು ಹಚ್ಚಿದರೆ ಏನೂ ಆಗದಂತೆ ಮತ್ತೆ ಕಾಯುವುದು. ಕೇಕುಗಳ ನಡು ಕುಸಿದು ಹಳ್ಳ ಬಿತ್ತು.

ಕೆಲಸಕ್ಕೆ ಜೊತೆಗಿದ್ದವಳು ಅಕ್ಕನ ಮಗಳು. ಅವಳು, "ಚಿಕ್ಕಮ್ಮ, ಆ ತೋರಣ ಅಂಟಿಸಿದ ಮೇಲೆಯೇ..." ಎಂದು ಬಾಯಿ ತೆರೆದಳು.

"ಸಾಕು ಮುಚ್ಚೇ! ದೇವರ ತೋರಣಕ್ಕೆ ಬೆರಳು ತೋರಿಸುತ್ತೀಯಾ? ಗಳಿಗೆಗೊಮ್ಮೆ ಬಾಗಿಲು ತೆಗೆದು ಇಣುಕುವವಳು ನೀನು."

ಹುಡುಗಿ ಆಮೇಲೆ ಬಾಯಿ ತೆರೆಯಲಿಲ್ಲ.

ಒಂದು ದಿನ ಮಗುವಿನ ಹುಟ್ಟುಹಬ್ಬದ ಕೇಕು ಕೊಡಬೇಕಿತ್ತು. ಬೆಳಗಿನಿಂದ ಎರಡು ಕುಸಿದವು. ಹೆಂಗಸಿನ ತಲೆ ಕೆಟ್ಟಿತು. "ಐದು ಗಂಟೆಯ ಬಸ್ಸಿಗೆ ನಿಮ್ಮಮ್ಮನ ಹತ್ತಿರ ಹೋಗು. ಇನ್ನು ಈ ಅಡುಗೆಮನೆಗೆ ಕಾಲಿಡಬೇಡ" ಎಂದಳು. ಹುಡುಗಿ ಬಟ್ಟೆ ತುಂಬಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. ಇನ್ನೊಂದು ಮಾತಿಗೆ ಕಾಯುವವಳಂತೆ ಕೂತಳು.

ರಿಪೇರಿಯವನು ಬಂದ. ತೋರಣಕ್ಕೆ ಕೈ ಹಚ್ಚಬೇಡವೆಂದು ಅವನಿಗೂ ಹೇಳಿದಳು. ಅವನು ವೈರು ನೋಡಿದ, ಸರಿಯಿತ್ತು. ಮೀಟರು ಹಿಡಿದು ಕಾಯಿಲ್ ನೋಡಿದ, ಸರಿಯಿತ್ತು. ಬಾಗಿಲ ರಬ್ಬರಿನ ನಡುವೆ ಕಾಗದದ ಚೂರು ಸಿಕ್ಕಿಸಿ ಎಳೆದ, ಬಿಗಿಯಾಗಿತ್ತು. ಓವನ್ ಹಚ್ಚಿ ಕಾದ. ಹದಿನೆಂಟನೆಯ ನಿಮಿಷಕ್ಕೆ ಅದು ಆರಿತು.

ಹೆಂಗಸು ಸ್ಟೂಲಿನ ಕಡೆ ತಿರುಗಿದಳು. "ಏನು ಮಾಡಿದೆ ಹೇಳೇ, ಈಗಲಾದರೂ!"

ರಿಪೇರಿಯವನು ತೋರಣದ ಮುಂದೆ ಅಂಗೈ ಹಿಡಿದ. ಸ್ವಲ್ಪ ಹೊತ್ತು ಹಾಗೇ ಹಿಡಿದ.

"ಅಮ್ಮಾ, ಒಳಗಿನ ಫ್ಯಾನು ಬಿಸಿಗಾಳಿಯನ್ನು ಈ ತೋರಣದ ಹಿಂದಿರುವ ಸೀಳಿನಿಂದ ಹೊರಗೆ ತಳ್ಳಬೇಕು. ದಾರಿಯೇ ಇಲ್ಲ. ಒಳಗೆ ಮಿತಿಮೀರಿ ಕಾದಾಗ ಸುಟ್ಟುಹೋಗಬಾರದೆಂದು ತಾನೇ ಆರುತ್ತಿದೆ. ಇದು ಕೆಟ್ಟಿಲ್ಲ, ಜೀವ ಉಳಿಸಿಕೊಳ್ಳುತ್ತಿದೆ."

"ಅದು ದೇವರಿಗೆ ಕಟ್ಟಿದ್ದು."

"ದೇವರಿಗಾದರೆ ದೇವರ ಮುಂದೆ ಕಟ್ಟಿ. ನೀವು ಕಟ್ಟಿರುವುದು ಇದರ ಮೂಗಿಗೆ. ಕೈ ಹಚ್ಚಬೇಡ ಎಂದಿದ್ದೀರಿ, ನೀವೇ ಕೀಳಿ."

ಅವಳು ನಿಂತೇ ಇದ್ದಳು. ಆ ತೋರಣಕ್ಕೆ ಅವಳು ಮದುವೆಯ ಸೀರೆಯ ಸೆರಗು ಕತ್ತರಿಸಿದ್ದಳು. ಕೊನೆಗೆ ಉಗುರು ಹಾಕಿ ಒಂದೇ ಎಳೆತಕ್ಕೆ ಕಿತ್ತಳು. ಓವನ್ ತಣಿಯುವಷ್ಟರಲ್ಲಿ ಹಿಟ್ಟು ಕಲಸಿ, ಒಳಗಿಟ್ಟು, ಹಚ್ಚಿದಳು. ಸೀಳಿನಿಂದ ಬಿಸಿಗಾಳಿ ಅವಳ ಮುಖಕ್ಕೆ ಬಡಿಯಿತು. ರಿಪೇರಿಯವನು ಚೀಲ ಕಟ್ಟಿ ಹೋದ. ಅವಳು ಗಾಜಿನಿಂದ ಕಣ್ಣು ಕೀಳಲಿಲ್ಲ. ಇಪ್ಪತ್ತು ನಿಮಿಷ ದಾಟಿತು. ಮೂವತ್ತು ದಾಟಿತು. ಕೇಕು ಉಬ್ಬಿ ನಿಂತಿತು.

"ನೋಡೇ ಇಲ್ಲಿ!" ಎಂದು ಅವಳು ತಿರುಗಿದಳು.

ಸ್ಟೂಲು ಖಾಲಿಯಿತ್ತು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

ಗುರು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದಳು ಶಿಷ್ಯೆ. "ಅವಳು ಬಸ್‌ ಸ್ಟ್ಯಾಂಡಿಗೆ ಓಡಿದಳೇ?"

"ನಿನ್ನ ಹುಡುಗಿಯ ಬಸ್ಸು ಎಷ್ಟು ಹೊತ್ತಿಗೆ?" ಎಂದರು ಗುರು.

ಶಿಷ್ಯೆ ಎದ್ದು ಚಪ್ಪಲಿ ಹುಡುಕತೊಡಗಿದಳು.