ಹೋಟೆಲಿನ ಅಭಿಪ್ರಾಯ ಪುಸ್ತಕ

ಹೆಂಡತಿ ಹಾಲಮ್ಮ ತೀರಿಕೊಂಡ ಮರುವರ್ಷ, ಅಂಚೆ ಗುಮಾಸ್ತ ತಿಪ್ಪೇಸ್ವಾಮಿ ಊರಿನ ದೊಡ್ಡ ಹೋಟೆಲಿಗೆ ಒಬ್ಬನೇ ಊಟಕ್ಕೆ ಹೋದ. ಒಮ್ಮೆ ಅಲ್ಲಿ ಉಣ್ಣಬೇಕೆಂದು ಅವಳು ಕೇಳುತ್ತಲೇ ಇದ್ದಳು. ಇವನು ನಾಳೆ ನಾಳೆ ಎನ್ನುತ್ತಲೇ ಇದ್ದ.

ಹೊಳೆಯುವ ತಟ್ಟೆಯಲ್ಲಿ ಬಂದ ಎಣ್ಣೆಗಾಯಿ ತಣ್ಣಗಿತ್ತು, ಒಳಗೆ ಹಸಿಯಾಗಿತ್ತು. ಅರ್ಧಕ್ಕೇ ಎದ್ದ.

ಕೋಟು ತೊಟ್ಟ ಮ್ಯಾನೇಜರ್ ಅಡ್ಡ ನಿಂತು ಅಭಿಪ್ರಾಯ ಪುಸ್ತಕ ಚಾಚಿದ. “ಇಲ್ಲಿ ಉಂಡವರೆಲ್ಲ ಹೊಗಳಿಯೇ ಬರೆದಿದ್ದಾರೆ. ನೀವೂ ಬರೀಬೇಕು.”

“ಆಗಲಿ ಸ್ವಾಮಿ,” ಎಂದು ತಿಪ್ಪೇಸ್ವಾಮಿ ಬರೆದ: ‘ತೀರಿಹೋದ ಹೆಂಡತಿಯನ್ನು ಇಲ್ಲಿಗೆ ಕರೆತರಲಿಲ್ಲವಲ್ಲ ಎಂದು ಕೊರಗುತ್ತಿದ್ದೆ. ನಿಮ್ಮ ಊಟ ಆ ಕೊರಗನ್ನು ಸ್ವಲ್ಪ ಇಳಿಸಿತು. ಉಪಕಾರವಾಯಿತು.’

ಮ್ಯಾನೇಜರ್ ಮೊದಲ ಸಲ ಓದಿ ಹಿಗ್ಗಿದ. ಎರಡನೇ ಸಲ ಓದಿ ಪೆಚ್ಚಾದ. “ಕೂತ್ಕೊಳ್ಳಿ, ಬೇರೆ ಮಾಡಿಸಿ ಕೊಡ್ತೀನಿ,” ಎಂದ ಮೆತ್ತಗೆ.

“ಬೇಡ ಸ್ವಾಮಿ. ಅದು ಚೆನ್ನಾಗಿದ್ದುಬಿಟ್ಟರೆ ನನ್ನ ಕೈಲಿ ತಡೆಯೋಕಾಗಲ್ಲ,” ಎಂದು ಅವನು ಮೆಟ್ಟಿಲಿಳಿದ.