ನೀರಿನಿಂದ ಎತ್ತಿದ ಪಂಪು

"ಅಜ್ಜಾರ, ಇಬ್ಬರೂ ತಪ್ಪಾತು ಅಂತ ಒಪ್ಪಿಕೊಂಡೀವಿ. ಆದರೂ ಗೆಳೆತನ ಯಾಕ ಮೊದಲಿನಂಗ ನಡೀವಲ್ದು?"

ಮಠದ ಅಡುಗೆಮನೆಯಲ್ಲಿ ದುಡಿಯುವ ಬಸಲಿಂಗ ಗುರುಗಳ ಮುಂದೆ ಕುಳಿತು ಹೀಗೆ ಕೇಳಿದ. ಅವನೂ ಅಡವೀಶನೂ ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕಳೆದವರು. ಹಿಂದಿನ ತಿಂಗಳು ಬೇಳೆ ಸೀದುಹೋದದ್ದಕ್ಕೆ, ಊಟಕ್ಕೆ ಕುಳಿತ ಪಂಕ್ತಿಯ ಎದುರೇ ಒಬ್ಬರನ್ನೊಬ್ಬರು ಹಳಿದುಕೊಂಡಿದ್ದರು. ಅದೇ ಸಂಜೆ ಕೈ ಹಿಡಿದು ಕ್ಷಮೆಯನ್ನೂ ಕೇಳಿಕೊಂಡಿದ್ದರು. ಅಷ್ಟಾದರೂ ಅಡವೀಶ ಈಗ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ. ಬೇರೆ ಮಠಕ್ಕೆ ಹೋಗಿಬಿಡುತ್ತೇನೆ ಎಂದು ಯಾರ ಬಳಿಯೋ ಅಂದಿದ್ದನಂತೆ. ಆ ಮಾತು ಕಿವಿಗೆ ಬಿದ್ದಾಗಿನಿಂದ ಬಸಲಿಂಗನಿಗೆ ಅನ್ನ ಸೇರುತ್ತಿರಲಿಲ್ಲ.

"ನಾ ಏನೂ ಕಡಿಮಿ ಮಾಡಿಲ್ಲರೀ. ಮನಸ್ಸಿನ್ಯಾಗ ಇನ್ನೂ ಏನರ ಐತೇನು ಅಂತ ದಿನಾ ಕೇಳ್ತೀನಿ. ಇಲ್ಲ ಅಂತಾನ. ಆದರ ನಗಂಗಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ಒಂದು ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಕೆಂಪು ಮೀನುಗಳು. ಮಗಳು ಸಾಕಿದ ಮೀನುಗಳವು. ಗಂಡನ ಮನೆಗೆ ಹೋಗುವಾಗ ಅಪ್ಪನಿಗೆ ಒಪ್ಪಿಸಿ ಹೋಗಿದ್ದಳು. ಅಂದಿನಿಂದ ಅವನಿಗೆ ಗಿರಾಕಿಗಳಿಗಿಂತ ಆ ಮೀನುಗಳ ಮೇಲೇ ಹೆಚ್ಚು ಕಣ್ಣು. ತೊಟ್ಟಿಯ ನೀರನ್ನು ಸುತ್ತಾಡಿಸಲು ಒಂದು ಪುಟ್ಟ ಪಂಪು ಹಗಲೂ ರಾತ್ರಿ ನೀರಿನೊಳಗೇ ಮುಳುಗಿ ನಡೆಯುತ್ತಿತ್ತು. ಅದು ನಡೆದರೆ ಮೀನಿಗೆ ಉಸಿರು.

ಅಮಾವಾಸ್ಯೆಯ ದಿನ ಪೂಜೆಗೆಂದು ಅಂಗಡಿ ತೊಳೆಯುವುದು ವ್ಯಾಪಾರಿಯ ವಾಡಿಕೆ. ಅಂದೇ ತೊಟ್ಟಿಯನ್ನೂ ತೊಳೆಯುತ್ತಿದ್ದ. ಒಂದು ಅಮಾವಾಸ್ಯೆ ಹಾಗೆ ತೊಳೆದು, ನೀರು ತುಂಬಿ, ಸ್ವಿಚ್ ಹಾಕಿದರೆ ಪಂಪು ಗುಂಯ್ ಎಂದಿತೇ ಹೊರತು ನೀರು ಕದಲಲಿಲ್ಲ. ಸ್ವಿಚ್ ಆರಿಸಿ, ಪಂಪನ್ನು ಮೇಲೆತ್ತಿ ಬಿಚ್ಚಿದ. ಒಳಗಿನ ಚಕ್ರಕ್ಕೆ ಒಂದು ಎಳೆ ಪಾಚಿ ಸುತ್ತಿಕೊಂಡಿತ್ತು. ಅದನ್ನು ತೆಗೆದು, ಜೋಡಿಸಿ, ನೀರಿಗೆ ಇಳಿಸಿ ಸ್ವಿಚ್ ಹಾಕಿದ. ಮತ್ತೆ ಅದೇ ಗುಂಯ್.

ಇನ್ನೂ ಏನೋ ಉಳಿದಿದೆ ಎಂದುಕೊಂಡ. ಮತ್ತೆ ಎತ್ತಿದ, ಮತ್ತೆ ಬಿಚ್ಚಿದ. ಏನೂ ಇರಲಿಲ್ಲ. ಪಂಚೆಯ ಅಂಚಿನಿಂದ ಒರೆಸಿ ಇಳಿಸಿದ. ನಡೆಯಲಿಲ್ಲ. ಎತ್ತಿ ಬೆಳಕಿಗೆ ಹಿಡಿದು ನೋಡಿದ, ಊದಿ ನೋಡಿದ, ಕಡ್ಡಿ ಹಾಕಿ ಕೆದಕಿದ. ಇಲ್ಲದ ಕಸವನ್ನು ಹುಡುಕುವುದರಲ್ಲಿ ಪೂಜೆಯ ಹೊತ್ತೂ ಮೀರಿತು. ಅಷ್ಟರಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮಗಳಿಗೆ ಏನು ಹೇಳಲಿ ಎಂದುಕೊಳ್ಳುತ್ತ ಪಂಪನ್ನು ಇನ್ನೊಮ್ಮೆ ಒರೆಸಿ ಇಳಿಸಿ ಸ್ವಿಚ್ ಹಾಕಿದ.

ಪೂಜೆಯ ತಟ್ಟೆ ಹಿಡಿದು ಬಂದ ಹೆಂಡತಿ, ಅವನು ಮಾಡುತ್ತಿದ್ದುದನ್ನು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಮೊದಲ ಸಲ ಒಂದೆಳಿ ಪಾಚಿ ಸಿಕ್ತು. ಆಮ್ಯಾಲ ಎಷ್ಟು ತಿಕ್ಕಿದರೂ ನಡೀವಲ್ದು. ಕಸ ಎಲ್ಲೈತೋ ತಿಳೀವಲ್ದು," ಅಂದ.

"ಕಸ ಮೊದಲ ಸಲಾನ ಹೋಗೈತಿ. ನೀವು ಎತ್ತಿದಾಗೊಮ್ಮೆ ಒಳಗಿನ ನೀರು ಸೋರಿ ಗಾಳಿ ತುಂಬತೈತಿ. ಬಾವ್ಯಾಗ ಕೊಡ ಇಳಿಸಿದರ ಓರೆ ಮಾಡಬೇಕಲ್ಲ? ಇದನ್ನೂ ನೀರಾಗ ಇಟ್ಟ ಓರೆ ಮಾಡ್ರಿ."

ಊರಿಗೆಲ್ಲ ಕೊಡ ಮಾರಿದವನಿಗೆ ಇದು ಹೊಳೆದಿರಲಿಲ್ಲ. ಸ್ವಿಚ್ ಆರಿಸಿ, ಪಂಪನ್ನು ನೀರಿನೊಳಗೇ ಓರೆ ಮಾಡಿ ಹಿಡಿದ. ಗುಳುಗುಳು ಎಂದು ಗುಳ್ಳೆಗಳೆದ್ದವು. ಕೈ ಹೊರಗೆ ತೆಗೆದು ಸ್ವಿಚ್ ಹಾಕಿದ. ಪಂಪು ಕೆಮ್ಮಿದಂತೆ ಸದ್ದು ಮಾಡಿ ತಡವರಿಸಿತು. ತಡೆಯಲಾರದೆ ಅವನ ಕೈ ಮತ್ತೆ ತೊಟ್ಟಿಯ ಕಡೆ ಹೋಯಿತು. ಹೆಂಡತಿ ಆ ಕೈಯನ್ನು ಹಿಡಿದುಕೊಂಡಳು. ಇಬ್ಬರೂ ಹಾಗೆಯೇ ನಿಂತರು. ಉಳಿದ ಒಂದೆರಡು ಗುಳ್ಳೆಗಳು ತಾವಾಗಿಯೇ ಹೊರಬಿದ್ದವು. ಸದ್ದು ತಗ್ಗಿತು, ನೀರು ಹರಿಯಿತು. ಸ್ವಲ್ಪ ಹೊತ್ತಿನಲ್ಲಿ ಮೀನುಗಳು ಒಂದೊಂದಾಗಿ ಕೆಳಗಿಳಿದವು.

ಗುರುಗಳು ಕತೆ ನಿಲ್ಲಿಸಿದರು. ಮೀನುಗಳು ಉಳಿದದ್ದಕ್ಕೆ ಬಸಲಿಂಗನಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅಡವೀಶನ ದನಿ ಬಂತು.

"ಬಸಲಿಂಗಾ, ಬದನೀಕಾಯಿ ಹೆಚ್ಚೋದೈತಿ, ಬರ್ತೀಯೇನು?"

ಬಸಲಿಂಗ ಧಡಕ್ಕನೆ ಎದ್ದ. "ಕೇಳಿದಿರೇನ್ರೀ ಅಜ್ಜಾರ? ದನಿಯಾಗ ಇನ್ನೂ ಸಿಟ್ಟೈತಿ ಅನಸ್ತೈತಿ. ಹೌದೋ ಅಲ್ಲೋ ಈಗಲೇ ಹೋಗಿ ಕೇಳಿಬಿಡ್ತೀನಿ."

"ಮತ್ತ ನೀರಿನಿಂದ ಎತ್ತಾಕ ಹೊಂಟೆಲ್ಲೋ ತಮ್ಮಾ," ಅಂದರು ಗುರುಗಳು.

ಬಸಲಿಂಗ ಒಳಗೆ ಹೋಗಿ, ಅಡವೀಶನ ಪಕ್ಕದಲ್ಲಿ ಕುಳಿತು, ಏನೊಂದೂ ಕೇಳದೆ ಬದನೆಕಾಯಿ ಹೆಚ್ಚತೊಡಗಿದ.